ಮೇನ್ಸ್‌ನ ಸಮಾಜ ಪ್ರಶ್ನೆಗಳಿಗೆ ಯಾವ ದಾರಿ? ಪುಸ್ತಕ, ಜೆರಾಕ್ಸ್ ನೋಟ್ಸ್, ಕೋಚಿಂಗ್, ಆಪ್ಷನಲ್: ಒಂದು ಹೋಲಿಕೆ

ಐಎಎಸ್ ಮೊದಲಾದ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಯಲ್ಲಿ ಮೊದಲ ಹಂತ ಪ್ರಿಲಿಮ್ಸ್, ಅದು ಪಾಸಾದವರು ಬರೆಯುವುದು ಮೇನ್ಸ್. ಪ್ರಿಲಿಮ್ಸ್ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸರ್, ಸೊಸೈಟಿಗೆ ಏನು ಓದ್ಲಿ?" ಇತಿಹಾಸಕ್ಕೆ, ಭೂಗೋಳಕ್ಕೆ ಯಾವ ಪುಸ್ತಕ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಸಮಾಜದ ಭಾಗಕ್ಕೆ ಬಂದಾಗ ಮಾತ್ರ ಗೊಂದಲ. ಎನ್‌ಸಿಇಆರ್‌ಟಿಯ ಶಾಲಾ ಪಠ್ಯಪುಸ್ತಕ ಸಾಕು ಅನ್ನುವವರು ಒಬ್ಬರು. ದೆಹಲಿ ನೋಟ್ಸ್ ತರಿಸಿಕೋ ಅನ್ನುವವರು ಇನ್ನೊಬ್ಬರು. ಸೋಷಿಯಾಲಜಿಯನ್ನೇ ಆಪ್ಷನಲ್ (ಐಚ್ಛಿಕ ವಿಷಯ) ತಗೊಂಡುಬಿಡು, ಎರಡೂ ಒಟ್ಟಿಗೆ ಮುಗಿಯುತ್ತೆ ಅನ್ನುವವರು ಮತ್ತೊಬ್ಬರು. ಪಕ್ಕದ ರೂಮಿನವನು ಇದ್ಯಾವುದೂ ಬೇಡ, ಪೇಪರ್ ಓದು, ಕಾಮನ್ ಸೆನ್ಸ್ ಸಾಕು ಅಂತಾನೆ.

ನಾನು ಯುಪಿಎಸ್‌ಸಿ ಮೇನ್ಸ್ ಎರಡು ಸಲ ಬರೆದವನು. ಎರಡೂ ಸಲ ಕನ್ನಡದಲ್ಲೇ. ಐಎಎಸ್ ಆಗಲಿಲ್ಲ, ಬೇರೆ ಪರೀಕ್ಷೆ ಪಾಸಾಗಿ ಸರ್ಕಾರಿ ಕೆಲಸದಲ್ಲಿದ್ದೇನೆ. ಸಂಜೆ ಹೊತ್ತು ಧಾರವಾಡದ ಸಪ್ತಾಪುರದ ಕಡೆ ಹುಡುಗರು ಬರೆದ ಉತ್ತರ ಓದಿಕೊಡುತ್ತೇನೆ. ಮೇಲೆ ಹೇಳಿದ ದಾರಿಗಳಲ್ಲಿ ಹೆಚ್ಚಿನವನ್ನು ನಾನೇ ತುಳಿದಿದ್ದೇನೆ. ಒಂದರಲ್ಲಿ ದುಡ್ಡೂ ಕಳೆದುಕೊಂಡಿದ್ದೇನೆ. ಆ ಲೆಕ್ಕದಲ್ಲಿ ಈ ಹೋಲಿಕೆ.

ಮೊದಲು ಇದು ಎಷ್ಟು ಅಂಕದ ಮಾತು ಅಂತ ನೋಡೋಣ. ಜಿಎಸ್, ಅಂದರೆ ಸಾಮಾನ್ಯ ಅಧ್ಯಯನದ ಒಂದನೇ ಪೇಪರ್ 250 ಅಂಕದ್ದು. 3 ಗಂಟೆ, 20 ಪ್ರಶ್ನೆ. ಹತ್ತು ಪ್ರಶ್ನೆ 10 ಅಂಕದವು, ಹತ್ತು ಪ್ರಶ್ನೆ 15 ಅಂಕದವು. ಇತಿಹಾಸ, ಭೂಗೋಳ, ಸಮಾಜ ಮೂರೂ ಅದರೊಳಗೇ. ಸಮಾಜದ ಪಾಲಿಗೆ ಸಾಮಾನ್ಯವಾಗಿ ಆರೇಳು ಪ್ರಶ್ನೆ, ಅಂದರೆ 75ರಿಂದ 90 ಅಂಕದ ಆಸುಪಾಸು. ಪ್ರಬಂಧದ ಪೇಪರಿಗೂ ಇದೇ ಸರಕು ಕೆಲಸಕ್ಕೆ ಬರುತ್ತದೆ.

ಸಿಲಬಸ್ ನೋಡಿದರೆ ಬರೀ ನಾಲ್ಕೈದು ಸಾಲು. ಭಾರತೀಯ ಸಮಾಜದ ಲಕ್ಷಣ, ವೈವಿಧ್ಯ, ಮಹಿಳೆಯರು ಮತ್ತು ಮಹಿಳಾ ಸಂಘಟನೆ, ಜನಸಂಖ್ಯೆ, ಬಡತನ, ನಗರೀಕರಣ, ಜಾಗತೀಕರಣ, ಸಾಮಾಜಿಕ ಸಬಲೀಕರಣ, ಕೋಮುವಾದ, ಪ್ರಾದೇಶಿಕತೆ, ಜಾತ್ಯತೀತತೆ. ಇಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಪ್ರಶ್ನೆಗಳು ಬಂದ ರೀತಿ ನೋಡಿ. 2021ರಲ್ಲಿ ಕ್ರಿಪ್ಟೋಕರೆನ್ಸಿ ಸಮಾಜದ ಮೇಲೆ ಏನು ಪರಿಣಾಮ ಮಾಡಿದೆ ಅಂತ ಕೇಳಿದರು. 2022ರಲ್ಲಿ ವರ್ಕ್ ಫ್ರಮ್ ಹೋಮ್‌ನಿಂದ ಕುಟುಂಬದ ಸಂಬಂಧ ಏನಾಯಿತು ಅಂತ. 2023ರಲ್ಲಿ ಮಗುವನ್ನು ಎತ್ತಿ ಮುದ್ದಾಡುವ ಜಾಗಕ್ಕೆ ಮೊಬೈಲ್ ಬಂದಿದೆ, ಮಗುವಿನ ಸಾಮಾಜೀಕರಣದ ಮೇಲೆ ಪರಿಣಾಮ ಚರ್ಚಿಸಿ ಅಂತ. ಇದಕ್ಕೆಲ್ಲ ಯಾವ ಪುಸ್ತಕದಲ್ಲಿ ಅಧ್ಯಾಯ ಹುಡುಕುತ್ತೀರಿ? ಹಾಗಾಗಿ "ಏನು ಓದ್ಲಿ" ಅನ್ನುವುದಕ್ಕಿಂತ ಮುಂಚೆ "ನನ್ನ ಹತ್ತಿರ ಏನಿಲ್ಲ" ಅಂತ ಕೇಳಿಕೊಳ್ಳಬೇಕು.

ಯಾವ ಅಳತೆಯಲ್ಲಿ ತೂಗಬೇಕು

ಹೋದ ವರ್ಷ ಹಾವೇರಿ ಕಡೆಯ ಒಬ್ಬ ಹುಡುಗ ಬಂದಿದ್ದ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಏನೂ ಓದದೆ ಒಂದು ಉತ್ತರ ಬರಿ ಅಂತ 2014ರ ಪ್ರಶ್ನೆ ಕೊಟ್ಟೆ. ಕೂಡುಕುಟುಂಬದ ಆಯಸ್ಸು ಸಾಮಾಜಿಕ ಮೌಲ್ಯಗಳಿಗಿಂತ ಆರ್ಥಿಕ ಅಂಶಗಳ ಮೇಲೆ ನಿಂತಿದೆ, ಚರ್ಚಿಸಿ ಅನ್ನುವ ಪ್ರಶ್ನೆ. ಅವನು ಹೀಗೆ ಶುರು ಮಾಡಿದ: "ಕುಟುಂಬವು ಸಮಾಜದ ಮೂಲ ಘಟಕವಾಗಿದೆ. ಪ್ರಾಚೀನ ಕಾಲದಿಂದಲೂ ಭಾರತವು ಕೂಡುಕುಟುಂಬಗಳ ನಾಡಾಗಿದೆ." ಹೀಗೇ ಆರು ಸಾಲು. ಕೊನೆಗೆ "ಆದ್ದರಿಂದ ಎರಡೂ ಅಂಶಗಳು ಮುಖ್ಯ" ಅಂತ ಮುಗಿಸಿದ್ದ.

"ಇದರಾಗ ಏನ್ ತಪ್ಪೈತ್ರಿ ಅಣ್ಣಾ?" ಅಂದ.

"ತಪ್ಪೇನಿಲ್ಲ. ನಿಮ್ಮ ಮನೆ ಯಾವಾಗ ಪಾಲಾಯಿತು?" ಅಂತ ಕೇಳಿದೆ.

"ಬೋರ್ ಬತ್ತಿದ ವರ್ಷ. ದೊಡ್ಡಪ್ಪ ಹುಬ್ಬಳ್ಳಿಗೆ ಹ್ವಾದ್ರು. ಒಲಿ ಬ್ಯಾರೆ ಆದ್ವು. ಆದ್ರ ಸೀಗಿ ಹುಣ್ಣಿಮಿಗೆ ಹೊಲಕ್ಕ ಚರಗಾ ಚೆಲ್ಲಾಕ ಈಗೂ ಎಲ್ಲಾರೂ ಒಂದ ಗಾಡ್ಯಾಗ ಹೋಗ್ತೀವ್ರಿ."

ಉತ್ತರ ಅವನ ಬಾಯಲ್ಲೇ ಇತ್ತು! ಆದಾಯ ಬತ್ತಿದಾಗ ಮನೆ ಒಡೆಯಿತು, ಅದು ಆರ್ಥಿಕ ಅಂಶ. ಒಲೆ ಬೇರೆಯಾದರೂ ಹೊಲಕ್ಕೆ ಚರಗ (ನೈವೇದ್ಯ) ಚೆಲ್ಲುವ ಹಬ್ಬ ಒಂದೇ ಉಳಿಯಿತು, ಅದು ಮೌಲ್ಯ. ಸಮಾಜಶಾಸ್ತ್ರಜ್ಞ ಐ.ಪಿ. ದೇಸಾಯಿ ಗುಜರಾತಿನ ಮಹುವಾ ಪಟ್ಟಣದ ಕುಟುಂಬಗಳನ್ನು ನೋಡಿ ಹೇಳಿದ್ದೂ ಇದನ್ನೇ: ಒಂದೇ ಸೂರಿನಡಿ ಇಲ್ಲದಿದ್ದರೂ ಕೊಡು-ಕೊಳ್ಳುವಿಕೆಯಲ್ಲಿ, ಕರ್ತವ್ಯದಲ್ಲಿ ಜಂಟಿತನ ಉಳಿದಿರುತ್ತದೆ. ಹುಡುಗನಿಗೆ ಉದಾಹರಣೆ ಇತ್ತು. ಅದಕ್ಕೆ ಇಡುವ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದನ್ನು ಕಾಗದಕ್ಕೆ ಇಳಿಸುವ ರೂಢಿಯೂ ಇರಲಿಲ್ಲ.

ಹಾಗಾಗಿ ನನ್ನ ಮೊದಲ ಅಳತೆ ಇದು: ಪದ, ಉದಾಹರಣೆ, ಕೈ. ಪದ ಅಂದರೆ ಪರಿಕಲ್ಪನೆಗಳು: ಸಂಸ್ಕೃತೀಕರಣ (ಕೆಳಗಿನ ಜಾತಿಯವರು ಮೇಲಿನವರ ಆಚಾರ ಅನುಸರಿಸುವುದು), ಪ್ರಬಲ ಜಾತಿ, ಪಿತೃಪ್ರಧಾನ ವ್ಯವಸ್ಥೆ, ಸಾಮಾಜೀಕರಣ ಇಂಥವು. ಉದಾಹರಣೆ ಅಂದರೆ ಊರು, ವರ್ಷ, ಅಂಕಿ, ಕಾನೂನು, ಚಳವಳಿ. ಕೈ ಅಂದರೆ 7 ನಿಮಿಷದಲ್ಲಿ 150 ಪದ, 11 ನಿಮಿಷದಲ್ಲಿ 250 ಪದ ಬರೆದು ಮುಗಿಸುವ ಅಭ್ಯಾಸ. ಈ ಮೂರರಲ್ಲಿ ನಿಮಗೆ ಯಾವುದು ಕಮ್ಮಿ ಅನ್ನುವುದು ಒಂದು ಉತ್ತರ ಬರೆದರೆ ತಿಳಿದುಹೋಗುತ್ತದೆ. ಓದಿ ಆಮೇಲೆ ಬರೆಯುತ್ತೇನೆ ಅನ್ನಬೇಡಿ. ಮೊದಲೇ ಬರೆಯಿರಿ.

ಉಳಿದ ಅಳತೆಗಳು ಎಲ್ಲರಿಗೂ ಗೊತ್ತಿರುವವೇ. ಎಷ್ಟು ದಿನ ಇದೆ? ಪ್ರಿಲಿಮ್ಸ್‌ನಿಂದ ಮೇನ್ಸ್‌ಗೆ ಸುಮಾರು ಮೂರು ತಿಂಗಳು, ಅದರಲ್ಲಿ ಸಮಾಜಕ್ಕೆ ಸಿಗುವುದು ಹೆಚ್ಚೆಂದರೆ ಹದಿನೈದು ದಿನ. ಎಷ್ಟು ದುಡ್ಡು ಇದೆ? ಯಾವ ಭಾಷೆಯಲ್ಲಿ ಬರೆಯುತ್ತೀರಿ? ಬರೆದದ್ದನ್ನು ಓದಿ ತಪ್ಪು ತೋರಿಸುವವರು ಯಾರಾದರೂ ಇದ್ದಾರಾ?

ಎನ್‌ಸಿಇಆರ್‌ಟಿ ಮತ್ತು ಪಿಯುಸಿ ಪುಸ್ತಕ

ಖರ್ಚು ಅತಿ ಕಮ್ಮಿ, ಲಾಭ ಜಾಸ್ತಿ ಇರುವ ದಾರಿ ಇದು. ಎನ್‌ಸಿಇಆರ್‌ಟಿಯ 12ನೇ ತರಗತಿಯ ಎರಡು ಸೋಷಿಯಾಲಜಿ ಪುಸ್ತಕ ಸಾಕು. ಒಂದು ಭಾರತೀಯ ಸಮಾಜದ ಬಗ್ಗೆ: ಜನಸಂಖ್ಯೆ, ಜಾತಿ-ಬುಡಕಟ್ಟು-ಕುಟುಂಬ, ಅಸಮಾನತೆ, ಸಾಂಸ್ಕೃತಿಕ ವೈವಿಧ್ಯ. ಇನ್ನೊಂದು ಸಾಮಾಜಿಕ ಬದಲಾವಣೆ ಮತ್ತು ಅಭಿವೃದ್ಧಿಯ ಬಗ್ಗೆ: ಹಳ್ಳಿ, ಕಾರ್ಖಾನೆ, ಜಾಗತೀಕರಣ, ಚಳವಳಿಗಳು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹೊಸ ಮುದ್ರಣದಲ್ಲಿ ಕೆಲವು ಭಾಗ ಕೈಬಿಟ್ಟಿದ್ದಾರೆ. ಹಳೆಯ ಪ್ರತಿ ಗೆಳೆಯರ ಹತ್ತಿರ ಇದ್ದರೆ ಅದನ್ನೇ ಇಸಕೊಳ್ಳಿ. 11ನೇ ತರಗತಿಯ ಪುಸ್ತಕ ಸಮಯವಿದ್ದರೆ ಮಾತ್ರ.

ಕನ್ನಡದಲ್ಲಿ ಬರೆಯುವವರಿಗೆ ನಾನು ಇನ್ನೊಂದು ಹೇಳುತ್ತೇನೆ. ನಮ್ಮ ದ್ವಿತೀಯ ಪಿಯುಸಿ ಸಮಾಜಶಾಸ್ತ್ರದ ಪಠ್ಯಪುಸ್ತಕ ಹಿಡಿಯಿರಿ. ಹಳೆ ಪುಸ್ತಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಇದನ್ನು ಓದುವುದು ವಿಷಯಕ್ಕಲ್ಲ, ಮಾತಿಗೆ. ಇಂಗ್ಲಿಷ್ ಪದವೊಂದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಅಂತ ಪರೀಕ್ಷೆ ಕೋಣೆಯಲ್ಲಿ ತಡಕಾಡುವುದು ತಪ್ಪುತ್ತದೆ. ನಾನು ಮೊದಲ ಸಲ ಬರೆದಾಗ 'ಪೇಟ್ರಿಯಾರ್ಕಿ'ಗೆ ಒಂದೇ ಉತ್ತರದಲ್ಲಿ ಮೂರು ಬೇರೆ ಬೇರೆ ಪದ ಬಳಸಿದ್ದೆ. ಓದಿದವರು ಏನಂದುಕೊಂಡರೋ!

ಈ ಪುಸ್ತಕಗಳು 'ಪದ'ದ ಕೊರತೆ ತುಂಬುತ್ತವೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ವಿಷಯವನ್ನೇ ತಗೊಳ್ಳಿ. ಮೈಸೂರಿನವರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕೂತು ಕ್ಷೇತ್ರಕಾರ್ಯ ಮಾಡಿದರು. ಆ ಹಳ್ಳಿಗೆ ಬರಹದಲ್ಲಿ ರಾಮಪುರ ಅಂತ ಹೆಸರಿಟ್ಟರು. ಪ್ರಬಲ ಜಾತಿ ಅನ್ನುವ ಪರಿಕಲ್ಪನೆ ಬೆಳೆದದ್ದು ಅಲ್ಲಿನ ಅನುಭವದಿಂದ. ಜನಬಲ, ಜಮೀನು, ರಾಜಕೀಯ ಹಿಡಿತ ಯಾರ ಕೈಯಲ್ಲಿದೆಯೋ ಅವರೇ ಊರಿನ ಪ್ರಬಲರು, ಮಡಿಯ ಲೆಕ್ಕದಲ್ಲಿ ಮೇಲಿರುವವರೇ ಆಗಬೇಕಿಲ್ಲ. ಈ ಒಂದು ವಿಚಾರ ಸರಿಯಾಗಿ ಅರ್ಥವಾದರೆ 2023ರಲ್ಲಿ ಕೇಳಿದ "ಜಾತಿಯ ಗುರುತು ಹರಿಯುವುದೂ ಹೌದು, ನಿಂತಿರುವುದೂ ಹೌದು, ಯಾಕೆ?" ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. 2018ರಲ್ಲೂ ಜಾತಿ ಹೊಸ ಗುರುತು, ಹೊಸ ಸಂಘಗಳ ರೂಪ ತಾಳುತ್ತಿದೆ ಅಂತ ಕೇಳಿದ್ದರು. 2020ರಲ್ಲಿ ಜಾತಿ ಪ್ರಸ್ತುತತೆ ಕಳೆದುಕೊಂಡಿದೆಯೇ ಅಂತ. ತಿರುಗಿ ತಿರುಗಿ ಒಂದೇ ಕಡೆ ಬರುತ್ತಾರೆ ನೋಡಿ.

ಕೊರತೆ ಏನು? ಪುಸ್ತಕದ ಅಂಕಿಗಳು ಹಳೆಯವು. ಉತ್ತರ ಬರೆಯುವ ರೀತಿಯನ್ನು ಅವು ಕಲಿಸುವುದಿಲ್ಲ. ಇಂಜಿನಿಯರಿಂಗ್, ಸೈನ್ಸ್ ಓದಿದವರಿಗೆ ಮೊದಲ ಓದಿಗೆ ಎಂಟು-ಹತ್ತು ದಿನ ಬೇಕೇ ಬೇಕು. ಬಿಎ ಮಾಡಿದವರಿಗೆ ನಾಲ್ಕು ದಿನ ಸಾಕು.

ಜೆರಾಕ್ಸ್ ನೋಟ್ಸ್, ಟಾಪರ್ ಕಾಪಿ

ಬೆಂಗಳೂರಿನ ವಿಜಯನಗರದಲ್ಲೋ ನಮ್ಮ ಸಪ್ತಾಪುರದಲ್ಲೋ ಜೆರಾಕ್ಸ್ ಅಂಗಡಿಗೆ ಹೋದರೆ ಸ್ಪೈರಲ್ ಹಾಕಿದ ಸೊಸೈಟಿ ನೋಟ್ಸ್ ಸಾಲಾಗಿ ಇರುತ್ತವೆ. ನೂರಿನ್ನೂರು ರೂಪಾಯಿ ಕೊಟ್ಟರೆ ಒಂದು ಕಟ್ಟು. ದಿನ ಕಮ್ಮಿ ಇರುವವರಿಗೆ ಇದು ಅನುಕೂಲ. ನಗರೀಕರಣಕ್ಕೆ ಕಾರಣ ಹತ್ತು, ಸಮಸ್ಯೆ ಹತ್ತು, ಪರಿಹಾರ ಹತ್ತು ಅಂತ ಎಲ್ಲ ಪಾಯಿಂಟ್ ಮಾಡಿಟ್ಟಿರುತ್ತಾರೆ.

ತೊಂದರೆ ಇಷ್ಟೇ. ಅದೇ ಹತ್ತು ಪಾಯಿಂಟನ್ನು ಸಾವಿರಾರು ಜನ ಬರೆಯುತ್ತಾರೆ. ಪ್ರಶ್ನೆ ಸ್ವಲ್ಪ ತಿರುಗಿದರೆ ಪಾಯಿಂಟುಗಳು ಕೈಕೊಡುತ್ತವೆ. 2023ರಲ್ಲಿ ನಗರೀಕರಣದ ಸಮಸ್ಯೆ ಪಟ್ಟಿಮಾಡಿ ಅನ್ನಲಿಲ್ಲ. ಮಹಾನಗರಗಳಲ್ಲಿ ನಗರೀಕರಣ ಬಡವರನ್ನು ಇನ್ನಷ್ಟು ಬೇರ್ಪಡಿಸಿ ಅಂಚಿಗೆ ತಳ್ಳುತ್ತಿದೆಯೇ ಅಂತ ಕೇಳಿದರು. ಟ್ರಾಫಿಕ್, ಕಸ, ನೀರು ಅಂತ ಬರೆದವರು ಪ್ರಶ್ನೆಯನ್ನೇ ಮುಟ್ಟಲಿಲ್ಲ.

ಟಾಪರ್ ಕಾಪಿ, ಅಂದರೆ ರ‍್ಯಾಂಕ್ ಬಂದವರು ಬರೆದ ಉತ್ತರದ ಪ್ರತಿ, ಬೇರೆ ಮಾತು. ಅದನ್ನು ವಿಷಯಕ್ಕಾಗಿ ಓದಬೇಡಿ. ಮೊದಲ ಎರಡು ಸಾಲು ಹೇಗಿದೆ, ಉದಾಹರಣೆ ಎಲ್ಲಿ ಇಟ್ಟಿದ್ದಾರೆ, ಹೇಗೆ ಮುಗಿಸಿದ್ದಾರೆ ಅಂತ ನೋಡಿ. ಐದಾರು ಉತ್ತರ ನೋಡಿದರೆ ಸಾಕು. ಐವತ್ತು ನೋಡುತ್ತಾ ಕೂತರೆ ಅದೊಂದು ಥರ ಸಿನಿಮಾ ನೋಡಿದ ಹಾಗೆ. ಖುಷಿಯಾಗುತ್ತದೆ, ಕೈ ಮಾತ್ರ ಆಡುವುದಿಲ್ಲ.

ಕೋಚಿಂಗ್

ನಾನು ದುಡ್ಡು ಕಳೆದುಕೊಂಡದ್ದು ಇಲ್ಲಿ. ಒಂದು ಸಂಸ್ಥೆಯಲ್ಲಿ ಜಿಎಸ್ ಪೂರ್ತಿ ಕೋರ್ಸಿಗೆ ಫೀಸು ಕಟ್ಟಿದ್ದೆ. ಸಮಾಜದ ಭಾಗವನ್ನು ಕೊನೆಗೆ ಇಟ್ಟುಕೊಂಡಿದ್ದರು. ಮೇನ್ಸ್‌ಗೆ ಇನ್ನು ಒಂದೂವರೆ ತಿಂಗಳಿರುವಾಗ ಆರು ದಿನದಲ್ಲಿ ಓಡಿಸಿ ಮುಗಿಸಿದರು. ಮೂರು ದಿನ ನೋಟ್ಸ್ ಬರೆಸಿದರು, ಮೂರು ದಿನ ಅದನ್ನೇ ಓದಿ ಹೇಳಿದರು. ಆ ನೋಟ್ಸ್ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲೂ ಸಿಗುತ್ತಿತ್ತು.

ಎಲ್ಲ ಕಡೆ ಹೀಗೇ ಅಂತ ಹೇಳುವುದಿಲ್ಲ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಕೋಚಿಂಗ್ ಬೆಲೆಬಾಳುತ್ತದೆ. ವಿಶೇಷವಾಗಿ ಜಾತ್ಯತೀತತೆಯಂಥ ವಿಷಯಕ್ಕೆ. ಭಾರತದ ಚರ್ಚೆ ಪಶ್ಚಿಮದ ಚರ್ಚೆಗಿಂತ ಹೇಗೆ ಬೇರೆ ಅಂತ 2014ರಲ್ಲಿ ಕೇಳಿದ್ದರು. ಅಲ್ಲಿ ಚರ್ಚು ಮತ್ತು ಪ್ರಭುತ್ವ ಬೇರೆ ಬೇರೆ ಅನ್ನುವುದರ ಮೇಲೆ ಒತ್ತು. ಇಲ್ಲಿ ಪ್ರಭುತ್ವ ಎಲ್ಲ ಧರ್ಮಗಳಿಂದಲೂ ಒಂದು ಅಂತರದಲ್ಲಿ ನಿಂತು, ಅಸ್ಪೃಶ್ಯತೆಯಂಥ ಅನ್ಯಾಯ ಕಂಡರೆ ಒಳಗೆ ಕೈಹಾಕುತ್ತದೆ. ಒಬ್ಬರೇ ಕೂತು ಓದಿದರೆ ಇದು ತಲೆಗೆ ಹತ್ತುವುದು ತಡ. ತಿಳಿದವರು ಅರ್ಧ ಗಂಟೆ ಹೇಳಿದರೆ ಬಿಡಿಸಿದಂತಾಗುತ್ತದೆ.

ಆದರೆ ಬರೀ ಸಮಾಜಕ್ಕಾಗಿ ಕೋಚಿಂಗ್ ಸೇರಬೇಕಾ? ನನ್ನ ಲೆಕ್ಕದಲ್ಲಿ ಬೇಡ. ಪೂರ್ತಿ ಜಿಎಸ್ ಕೋರ್ಸ್‌ನ ಫೀಸು ದೆಹಲಿಯಲ್ಲಿ ಲಕ್ಷ ದಾಟುತ್ತದೆ, ರೂಮು ಊಟ ಬೇರೆ. ಹೇಗೂ ಜಿಎಸ್ ಕೋಚಿಂಗ್ ಸೇರುತ್ತಿದ್ದೀರಿ ಅಂದರೆ ದುಡ್ಡು ಕಟ್ಟುವ ಮುಂಚೆ ಎರಡು ವಿಷಯ ಕೇಳಿ: ಸೊಸೈಟಿಗೆ ಎಷ್ಟು ತರಗತಿ? ನನ್ನ ಉತ್ತರವನ್ನು ಯಾರು ತಿದ್ದುತ್ತಾರೆ? ಎರಡನೆಯದಕ್ಕೆ ತೊದಲಿದರೆ ಎದ್ದು ಬನ್ನಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದವರು ರಾಜ್ಯ ಸರ್ಕಾರದ ಉಚಿತ ತರಬೇತಿ ಯೋಜನೆಗಳನ್ನು ಮೊದಲು ನೋಡಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಪ್ರಕಟಣೆಗಳ ಮೇಲೆ ಕಣ್ಣಿಡಿ. ಫೀಸು ಸರ್ಕಾರ ಕಟ್ಟಿ, ಜೊತೆಗೆ ಶಿಷ್ಯವೇತನವೂ ಸಿಗುವಾಗ ಸಾಲ ಮಾಡುವುದು ಯಾಕೆ?

ಸೋಷಿಯಾಲಜಿ ಆಪ್ಷನಲ್

ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಆಪ್ಷನಲ್ ಅಂದರೆ ಎರಡು ಪೇಪರ್, 500 ಅಂಕ. ಸೋಷಿಯಾಲಜಿಯ ಒಂದನೇ ಪೇಪರಿನಲ್ಲಿ ಮಾರ್ಕ್ಸ್, ಡರ್ಕ್‌ಹೈಮ್, ವೇಬರ್, ಪಾರ್ಸನ್ಸ್, ಮರ್ಟನ್, ಮೀಡ್ ಅನ್ನುವ ಪಶ್ಚಿಮದ ಚಿಂತಕರು. ಎರಡನೆಯದು ಭಾರತೀಯ ಸಮಾಜ: ಘುರ್ಯೆ, ಶ್ರೀನಿವಾಸ್, ಎ.ಆರ್. ದೇಸಾಯಿ, ಜಾತಿ, ಬುಡಕಟ್ಟು, ಕೃಷಿ ಸಮಾಜ, ಚಳವಳಿಗಳು. ಈ ಎರಡನೆಯ ಪೇಪರ್ ಜಿಎಸ್ ಸಮಾಜವನ್ನು ಹೆಚ್ಚುಕಮ್ಮಿ ಪೂರ್ತಿ ನುಂಗಿಹಾಕುತ್ತದೆ. ಪ್ರಬಂಧಕ್ಕೂ ಸಹಾಯ. ಸಿಲಬಸ್ಸೂ ಚಿಕ್ಕದು. ಆಸಕ್ತಿಯಿದ್ದು, ಒಂದು ವರ್ಷ ಕೈಯಲ್ಲಿದ್ದರೆ ಒಳ್ಳೆಯ ಆಯ್ಕೆ.

ಆದರೆ 80 ಅಂಕದ ಭಾಗ ಸುಲಭವಾಗಲಿ ಅಂತ 500 ಅಂಕದ ವಿಷಯ ಆರಿಸಿಕೊಳ್ಳುವುದು, ಗಾಡಿ ಸಿಕ್ಕಿತು ಅಂತ ಎತ್ತು ಕೊಂಡ ಹಾಗೆ. ವೇಬರ್‌ನನ್ನು ಆರು ತಿಂಗಳು ಓದಲು ಮನಸ್ಸಿಲ್ಲದವರು ಇದಕ್ಕೆ ಕೈಹಾಕಬೇಡಿ. ಕನ್ನಡ ಮಾಧ್ಯಮದವರಿಗಂತೂ ಇನ್ನೊಂದು ತೊಡಕು. ಸೋಷಿಯಾಲಜಿಯ ಒಳ್ಳೆಯ ಓದು ಬಹುಪಾಲು ಇಂಗ್ಲಿಷಿನಲ್ಲಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪಾಠಗಳು ಉಚಿತವಾಗಿ ಸಿಗುತ್ತವೆ, ಅವೂ ಇಂಗ್ಲಿಷ್-ಹಿಂದಿಯಲ್ಲೇ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವ ಶ್ರಮ ದಿನಾ ಇರುತ್ತದೆ. ಅದೇ ಕನ್ನಡ ಸಾಹಿತ್ಯ ಆಪ್ಷನಲ್ ತಗೊಂಡವರಿಗೆ ಆ ಶ್ರಮವಿಲ್ಲ. ಇಷ್ಟು ವರ್ಷ ಕನ್ನಡ ಸಾಹಿತ್ಯ ಓದಿಕೊಂಡು ಬಂದವರು, ಸೊಸೈಟಿಗೋಸ್ಕರ ಅದನ್ನು ಬಿಟ್ಟು ಸೋಷಿಯಾಲಜಿಗೆ ಹೋಗುತ್ತೇನೆ ಅಂದರೆ ನಾನು ಬೇಡ ಅಂತಲೇ ಹೇಳುತ್ತೇನೆ. ವಚನ, ದಾಸರ ಪದ, ದಲಿತ-ಬಂಡಾಯ ಸಾಹಿತ್ಯ ಓದಿದವರಿಗೆ ಜಾತಿಯ ಬಗ್ಗೆ, ಹೆಣ್ಣಿನ ಬಗ್ಗೆ ಬರೆಯಲು ಬೇಕಾದ ಸರಕು ಆಗಲೇ ಕೈಯಲ್ಲಿದೆ.

ಸೋಷಿಯಾಲಜಿ ಆಪ್ಷನಲ್‌ನವರಿಗೂ ಒಂದು ಕೆಟ್ಟ ಅಭ್ಯಾಸ ಅಂಟುತ್ತದೆ. ಜಿಎಸ್ ಉತ್ತರದಲ್ಲೂ ಚಿಂತಕರ ಹೆಸರು ಸುರಿಯುತ್ತಾರೆ. 150 ಪದದಲ್ಲಿ ನಾಲ್ಕು ವಿದ್ವಾಂಸರು! ಜಿಎಸ್‌ಗೆ ಒಬ್ಬರು ಸಾಕು, ಅದೂ ಬೇಕಿದ್ದರೆ.

ಪೇಪರು ಮತ್ತು ಒಂದು ನೋಟ್‌ಬುಕ್

ಉದಾಹರಣೆ ಕಮ್ಮಿ ಇರುವವರಿಗೆ ಇದೇ ದಾರಿ, ಬೇರೆ ಇಲ್ಲ. ಖರ್ಚು ಒಂದು ನೋಟ್‌ಬುಕ್ಕು. ಸಿಲಬಸ್‌ನ ಒಂದೊಂದು ಪದಕ್ಕೆ ಎರಡು ಪುಟ ಬಿಡಿ. ಪೇಪರಿನಲ್ಲಿ ಕಂಡದ್ದನ್ನು ಆಯಾ ಪುಟಕ್ಕೆ ಎರಡು ಸಾಲಿನಲ್ಲಿ ಇಳಿಸಿ. ನಮ್ಮ ನಾಡಿನ ಉದಾಹರಣೆಗಳೇ ಎಷ್ಟಿವೆ ಅಂತ ನನ್ನ ನೋಟ್‌ಬುಕ್‌ನಿಂದ ಸ್ವಲ್ಪ ತೋರಿಸುತ್ತೇನೆ.

ಸಮೃದ್ಧ ಪ್ರದೇಶಗಳಲ್ಲೇ ಲಿಂಗಾನುಪಾತ ಯಾಕೆ ಕೆಟ್ಟದಾಗಿದೆ ಅಂತ 2014ರಲ್ಲಿ ಕೇಳಿದ್ದರು. ಎಲ್ಲರೂ ಹರಿಯಾಣ, ಪಂಜಾಬ್ ಬರೆಯುತ್ತಾರೆ. ಬರೆಯಲೇಬೇಕು, 2011ರ ಜನಗಣತಿಯಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಅಲ್ಲಿ 834 ಮತ್ತು 846. ಆದರೆ ನಮ್ಮ ಮಂಡ್ಯ? ಕಾವೇರಿ ನೀರು, ಕಬ್ಬು, ಬೆಲ್ಲದ ಸೀಮೆ. 2023ರಲ್ಲಿ ಅಲ್ಲಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆ ಇದ್ದೂ ಇದು ನಡೆಯಿತು. ಜಮೀನು ಪಾಲಾಗಬಾರದು ಅನ್ನುವ ಚಿಂತೆ, ವರದಕ್ಷಿಣೆ, ಮಷೀನ್ ತರಿಸುವಷ್ಟು ದುಡ್ಡು: ಮೂರೂ ಒಂದೇ ಆಲೆಮನೆಯಲ್ಲಿ ಸಿಕ್ಕವು.

ಮಹಿಳಾ ಸಂಘಟನೆಗೆ ನಾನು ಇಟ್ಟುಕೊಂಡದ್ದು 2016ರ ಏಪ್ರಿಲ್. ಪಿಎಫ್ ಹಣ ತೆಗೆಯುವ ನಿಯಮ ಬಿಗಿಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ಪಡೆಯಿತು. ದುಡಿಯುವ ಮಹಿಳೆಯ ಪ್ರಶ್ನೆ ಬಂದರೆ ಸಮಯ ಬಳಕೆ ಸಮೀಕ್ಷೆ: 2024ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ಈ ಎರಡು ಸಂಖ್ಯೆ ಒಂದು ಪ್ಯಾರಾದ ಕೆಲಸ ಮಾಡುತ್ತವೆ.

ಬುಡಕಟ್ಟುಗಳನ್ನು ಒಂದೇ ವರ್ಗವಾಗಿ ನೋಡಬಹುದೇ ಅನ್ನುವ ಅರ್ಥದ ಪ್ರಶ್ನೆ 2022ರಲ್ಲಿ ಬಂತು. ನಮ್ಮಲ್ಲೇ ನೋಡಿ: ಒಂದು ಕಡೆ ಸಂಖ್ಯೆಯಲ್ಲೂ ರಾಜಕೀಯದಲ್ಲೂ ಬಲವಿರುವ ನಾಯಕ ಸಮುದಾಯ, ಇನ್ನೊಂದು ಕಡೆ ವಿಶೇಷ ದುರ್ಬಲ ಬುಡಕಟ್ಟುಗಳಾದ ಜೇನುಕುರುಬರು ಮತ್ತು ಕೊರಗರು. ಮೀಸಲಾತಿಯ ಪಟ್ಟಿಯಲ್ಲಿ ಎಲ್ಲರೂ ಒಂದೇ. ಅರಣ್ಯ ಹಕ್ಕಿನ ಮಾತು ಬಂದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಹುಲಿ ಮೀಸಲು ಪ್ರದೇಶದ ಒಳಗೇ 2011ರಲ್ಲಿ ಸಮುದಾಯ ಹಕ್ಕು ಪಡೆದರು.

ಪ್ರಾದೇಶಿಕತೆಗೆ ನಂಜುಂಡಪ್ಪ ಸಮಿತಿ. 2002ರಲ್ಲಿ ವರದಿ ಕೊಟ್ಟಿತು, 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಆಮೇಲೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂತು. ಪ್ರಾದೇಶಿಕತೆ ಅಂದರೆ ಬರೀ ಭಾಷೆಯ ಅಭಿಮಾನವಲ್ಲ, ಅಭಿವೃದ್ಧಿಯ ಅಸಮಾಧಾನವೂ ಹೌದು ಅಂತ ತೋರಿಸಲು ಇಷ್ಟು ಸಾಕು. ಭಾಷೆಯ ಮುಖಕ್ಕೆ ಗೋಕಾಕ್ ಚಳವಳಿ ಇದ್ದೇ ಇದೆ. ಕೋಮು ಸಾಮರಸ್ಯಕ್ಕೆ ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ. ಶಿಶುನಾಳ ಶರೀಫರು ಮತ್ತು ಗುರು ಗೋವಿಂದ ಭಟ್ಟರು.

ಒಂದು ಎಚ್ಚರ. ಎಲ್ಲ ಉತ್ತರಕ್ಕೂ ಬಸವಣ್ಣನವರನ್ನು ಎಳೆದು ತರುವ ಚಟ ನಮ್ಮವರಿಗಿದೆ. ಅಂತರ್ಜಾತಿ ಮದುವೆಯ ಪ್ರಶ್ನೆಗೆ ಕಲ್ಯಾಣದ ಹರಳಯ್ಯ-ಮಧುವರಸರ ಮನೆಯ ಸಂಬಂಧ ಬರೆಯಿರಿ, ಸರಿಯಾಗಿ ಕೂರುತ್ತದೆ. ಕ್ರಿಪ್ಟೋಕರೆನ್ಸಿ ಉತ್ತರದಲ್ಲಿ ಕಾಯಕ-ದಾಸೋಹ ಬರೆದ ಹುಡುಗನನ್ನು ನಾನು ನೋಡಿದ್ದೇನೆ.

ಯುಪಿಎಸ್‌ಸಿಗೆ ಎಲ್ಲ ಉದಾಹರಣೆಯೂ ಕರ್ನಾಟಕದ್ದೇ ಆದರೆ ಆಗುವುದಿಲ್ಲ. ಮೂರಕ್ಕೆ ಒಂದು ನಮ್ಮದಿರಲಿ. ರಾಜ್ಯದ ಆಡಳಿತ ಸೇವೆಯ ಪರೀಕ್ಷೆ, ಅಂದರೆ ಕೆಎಎಸ್ ಬರೆಯುವವರಿಗೆ ಲೆಕ್ಕ ಉಲ್ಟಾ. ಹಿಂದುಳಿದ ವರ್ಗಗಳ ಬಗೆಗಿನ ಹಾವನೂರು ಆಯೋಗ, 1974ರ ಭೂಸುಧಾರಣೆ, ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸದಲ್ಲಿ ಹಿಂದುಳಿದವರ ಪಾಲಿನ ಬಗ್ಗೆ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಅಲ್ಲಿ ಬೆನ್ನೆಲುಬು.

ಟೆಸ್ಟ್ ಸೀರೀಸ್ ಅಥವಾ ಗೆಳೆಯರ ಗುಂಪು

ಕೈ ಆಡದವರಿಗೆ ಇದು. ದುಡ್ಡಿದ್ದರೆ ಟೆಸ್ಟ್ ಸೀರೀಸ್ ಸೇರಿ, ಕೋಚಿಂಗ್‌ಗಿಂತ ಬಹಳ ಕಮ್ಮಿಗೆ ಆಗುತ್ತದೆ. ಆದರೆ ಕನ್ನಡದಲ್ಲಿ ಬರೆದ ಉತ್ತರ ತಿದ್ದುವವರು ಸಿಗುವುದು ಕಷ್ಟ. ಸೇರುವ ಮುಂಚೆ ತಿದ್ದಿದ ಒಂದು ಕನ್ನಡ ಕಾಪಿ ತೋರಿಸಿ ಅನ್ನಿ. "ಗುಡ್, ಇಂಪ್ರೂವ್ ಪ್ರೆಸೆಂಟೇಷನ್" ಅಂತ ಮಾತ್ರ ಬರೆದಿದ್ದರೆ ಆ ದುಡ್ಡಿಗೆ ಊಟ ಮಾಡಿ.

ದುಡ್ಡಿಲ್ಲದಿದ್ದರೆ ಮೂರು ಜನ ಸೇರಿ. ಹಳೆಯ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿಯ ಜಾಲತಾಣದಲ್ಲೇ ಇವೆ. ದಿನಕ್ಕೆ ಎರಡು ಉತ್ತರ, ಗಡಿಯಾರ ಇಟ್ಟುಕೊಂಡು. 10 ಅಂಕಕ್ಕೆ ಎರಡು ಪುಟ, 15ಕ್ಕೆ ಮೂರು ಪುಟ, ಉತ್ತರ ಪುಸ್ತಕದಲ್ಲಿ ಸಿಗುವುದೂ ಅಷ್ಟೇ ಜಾಗ. ಬರೆದದ್ದನ್ನು ಪಕ್ಕದವನಿಗೆ ಕೊಡಿ. ಅವನು ಒಂದೇ ಕೆಲಸ ಮಾಡಲಿ: ಈ ಸಾಲು ಯಾವ ದೇಶದ, ಯಾವ ಪ್ರಶ್ನೆಗಾದರೂ ಬರೆಯಬಹುದು ಅನ್ನಿಸಿದ ಕಡೆ ಅಡ್ಡ ಗೆರೆ ಎಳೆಯಲಿ. ಮೊದಲ ವಾರ ಅರ್ಧ ಪುಟ ಹೋಗುತ್ತದೆ. ಹೋಗಲಿ ಬಿಡಿ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ನೆನಪಿಡಿ. ಯುಪಿಎಸ್‌ಸಿ ಮೇನ್ಸ್ ಜಿಎಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ಪ್ರಶ್ನೆ ಇಂಗ್ಲಿಷಿನಲ್ಲೇ ಓದಿ ಅರ್ಥ ಮಾಡಿಕೊಳ್ಳಬೇಕು. ಹಾಗಾಗಿ ಅಭ್ಯಾಸವನ್ನೂ ಇಂಗ್ಲಿಷ್ ಪ್ರಶ್ನೆ, ಕನ್ನಡ ಉತ್ತರ ಅಂತಲೇ ಮಾಡಿ. ಕೆಎಎಸ್‌ಗೆ ಈ ತಾಪತ್ರಯವಿಲ್ಲ, ಪ್ರಶ್ನೆ ಕನ್ನಡದಲ್ಲೂ ಇರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಇಂಜಿನಿಯರಿಂಗ್ ಓದಿದವರು, ಒಂದು ವರ್ಷ ಇದೆ, ದುಡ್ಡು ಅಷ್ಟಕ್ಕಷ್ಟೇ: ಎನ್‌ಸಿಇಆರ್‌ಟಿ ಎರಡು ಪುಸ್ತಕ, ನೋಟ್‌ಬುಕ್, ಮೂರು ಜನರ ಗುಂಪು. ಇಷ್ಟರಲ್ಲೇ ಪದವೂ ಬರುತ್ತದೆ, ಉದಾಹರಣೆಯೂ ಬರುತ್ತದೆ, ಕೈಯೂ ಆಡುತ್ತದೆ. ಒಟ್ಟು ಖರ್ಚು ಒಂದು ಸಾವಿರ ದಾಟುವುದಿಲ್ಲ.

ಕೆಲಸ ಮಾಡುತ್ತಾ ಓದುವವರಿಗೆ ದುಡ್ಡಿಗಿಂತ ಹೊತ್ತಿನ ಕೊರತೆ. ಅವರು ಪುಸ್ತಕವನ್ನು ಪೂರ್ತಿ ಓದಲು ಹೋಗದೆ ಜಾತಿ, ಕುಟುಂಬ, ಜಾಗತೀಕರಣದ ಅಧ್ಯಾಯ ಮಾತ್ರ ಓದಲಿ. ಉಳಿದದ್ದಕ್ಕೆ ಜೆರಾಕ್ಸ್ ನೋಟ್ಸ್ ಪರವಾಗಿಲ್ಲ. ಉಳಿಸಿದ ದುಡ್ಡನ್ನು ಟೆಸ್ಟ್ ಸೀರೀಸ್‌ಗೆ ಹಾಕಲಿ.

ಆಪ್ಷನಲ್ ಇನ್ನೂ ನಿರ್ಧಾರವಾಗಿಲ್ಲದವರು ಸೋಷಿಯಾಲಜಿ ಒಂದನೇ ಪೇಪರಿನ ಹಳೆಯ ಪ್ರಶ್ನೆ ಐದು ಓದಿ. ಓದಿದ ಮೇಲೂ ತಿಳಿದುಕೊಳ್ಳುವ ಆಸೆ ಉಳಿದರೆ ಸೋಷಿಯಾಲಜಿ ತಗೊಳ್ಳಿ. ಆಕಳಿಕೆ ಬಂದರೆ ಬಿಡಿ.

ಈಗಾಗಲೇ ಪ್ರಿಲಿಮ್ಸ್ ಮುಗಿದು ತಿಂಗಳಷ್ಟೇ ಉಳಿದಿದೆಯಾ? ಹೊಸ ಪುಸ್ತಕ ಮುಟ್ಟಬೇಡಿ. ಒಂದು ನೋಟ್ಸ್, ಅದೂ ಕೈಗೆ ಸಿಕ್ಕಿದ್ದು. ಸಿಲಬಸ್‌ನ ಪ್ರತಿ ಪದಕ್ಕೆ ಎರಡು ಉದಾಹರಣೆ, ಒಂದು ಅಂಕಿ. 2013ರಿಂದ ಈಚಿನ ಪ್ರಶ್ನೆಗಳಲ್ಲಿ ದಿನಕ್ಕೆ ಮೂರು ಬರೆಯಿರಿ.

ಹಾವೇರಿಯ ಹುಡುಗ ಇವುಗಳಲ್ಲಿ ಮೊದಲನೆಯದನ್ನೇ ಹಿಡಿದ. ಒಂದು ತಿಂಗಳು ಬಿಟ್ಟು ಅದೇ 2014ರ ಪ್ರಶ್ನೆಗೆ ಮತ್ತೆ ಉತ್ತರ ಬರೆದು ತಂದ. ಮೊದಲ ಸಾಲು ಹೀಗಿತ್ತು: "ಕೊಳವೆಬಾವಿ ಬತ್ತಿದಾಗ ಒಲೆ ಬೇರೆಯಾಗುತ್ತದೆ, ಆದರೆ ಚರಗ ಚೆಲ್ಲುವ ದಿನ ಗಾಡಿ ಒಂದೇ ಇರುತ್ತದೆ." ಮೂಲ ಘಟಕ, ಪ್ರಾಚೀನ ಕಾಲ ಎರಡೂ ಇರಲಿಲ್ಲ. ಗಡಿಯಾರ ನೋಡಿದೆ, ಎಂಟು ನಿಮಿಷ ಆಗಿತ್ತು. "ಒಂದ್ ನಿಮಿಷ ಜಾಸ್ತಿ ಆತ್ರಿ ಅಣ್ಣಾ" ಅಂದ.